ಜಾನ್ ಡಾಲ್‌ಗ್ರೆನ್

ಜಾನ್ ಅಡಾಲ್ಫಸ್ ಬರ್ನಾರ್ಡ್ ಡಾಲ್‌ಗ್ರೆನ್ (ನವೆಂಬರ್ 13, 1809 – ಜುಲೈ 12, 1870) ಅಮೇರಿಕ ಸಂಯುಕ್ತ ಸಂಸ್ಥಾನದ ನೌಕಾಪಡೆಯ ಅಧಿಕಾರಿ ಹಾಗೂ ಫಿರಂಗಿ ವಿನ್ಯಾಸಕ. ಇವರು ರೂಪಿಸಿದ ಹಡಗು ಫಿರಂಗಿಗಳು ಅಮೇರಿಕದ ಅಂತರ್ಯುದ್ಧದಲ್ಲಿ (1861–1865) ವ್ಯಾಪಕವಾಗಿ ಬಳಕೆಯಾದವು. ಅವುಗಳ ಗುಂಡುಗಳು ಇಂದು ಪ್ರಾಚ್ಯವಸ್ತು ಸಂಗ್ರಹಕಾರರ ಆಸಕ್ತಿಯ ವಸ್ತುಗಳಾಗಿವೆ.

ಆರಂಭಿಕ ಜೀವನ

ಡಾಲ್‌ಗ್ರೆನ್ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ತಂದೆ ಅಲ್ಲಿ ಸ್ವೀಡನ್ ದೇಶದ ಕಾನ್ಸುಲ್ ಆಗಿದ್ದರು. 1826ರಲ್ಲಿ ನೌಕಾಪಡೆಯನ್ನು ಸೇರಿದ ಡಾಲ್‌ಗ್ರೆನ್, ಮುಂದೆ ಕರಾವಳಿ ಸರ್ವೇಕ್ಷಣೆಯಲ್ಲಿ ದುಡಿಯುವಾಗ ಕಣ್ಣಿನ ತೊಂದರೆಗೆ ಒಳಗಾಗಿ ದೀರ್ಘ ರಜೆ ಪಡೆಯಬೇಕಾಯಿತು. 1847ರಲ್ಲಿ ಅವರನ್ನು ವಾಷಿಂಗ್ಟನ್ ನೌಕಾಂಗಣದ ಶಸ್ತ್ರಾಸ್ತ್ರ ವಿಭಾಗಕ್ಕೆ ನಿಯೋಜಿಸಲಾಯಿತು.

ಫಿರಂಗಿ ವಿನ್ಯಾಸ

ಆ ಕಾಲದ ಬೀಡುಕಬ್ಬಿಣದ ಫಿರಂಗಿಗಳು ಶತ್ರುವಿಗಿಂತ ಮೊದಲು ತಮ್ಮನ್ನು ಹಾರಿಸುವವರನ್ನೇ ಬಲಿ ತೆಗೆದುಕೊಳ್ಳುವ ಅಪಾಯವಿತ್ತು. 1844ರಲ್ಲಿ ಪ್ರಿನ್ಸ್‌ಟನ್ ಯುದ್ಧನೌಕೆಯಲ್ಲಿ ಮೆದುಕಬ್ಬಿಣದ ದೊಡ್ಡ ಫಿರಂಗಿಯೊಂದು ಸಿಡಿದು, ವಿದೇಶಾಂಗ ಹಾಗೂ ನೌಕಾ ಕಾರ್ಯದರ್ಶಿಗಳಿಬ್ಬರೂ ಮೃತಪಟ್ಟಿದ್ದರು. 1849ರಲ್ಲಿ ಡಾಲ್‌ಗ್ರೆನ್ ನಡೆಸುತ್ತಿದ್ದ ಪರೀಕ್ಷೆಯಲ್ಲಿಯೇ ಫಿರಂಗಿ ಒಡೆದು ಗೋಲಂದಾಜನೊಬ್ಬ ಸತ್ತನು. ಸುರಕ್ಷಿತ ಫಿರಂಗಿಯ ರಚನೆ ಅನಂತರ ಅವರ ಮುಖ್ಯ ಗುರಿಯಾಯಿತು.

ಸಿಡಿಮದ್ದು ಹೊತ್ತಿಕೊಂಡಾಗ ಒತ್ತಡವು ನಳಿಗೆಯ ಬುಡದಲ್ಲಿ ಅತ್ಯಧಿಕವಾಗಿದ್ದು, ಗುಂಡು ಮುಂದೆ ಸಾಗಿದಂತೆ ಕಡಿಮೆಯಾಗುತ್ತದೆ. ಇದಕ್ಕೆ ಅನುಗುಣವಾಗಿ ಅವರು ಬುಡದಲ್ಲಿ ಲೋಹವನ್ನು ದಪ್ಪವಾಗಿಸಿ ಮೂತಿಯ ಕಡೆಗೆ ತೆಳುವಾಗಿಸಿದರು. ಹೀಗೆ ಬಾಟಲಿಯಾಕಾರದ ಫಿರಂಗಿ ರೂಪುಗೊಂಡಿತು. 9 ಮತ್ತು 11 ಅಂಗುಲ ವ್ಯಾಸದ ಮಾದರಿಗಳು ಪ್ರಸಿದ್ಧವಾದವು. ಅವುಗಳಿಂದ ಟೊಳ್ಳಿನಲ್ಲಿ ಸಿಡಿಮದ್ದು ತುಂಬಿದ ಸಿಡಿಗುಂಡುಗಳನ್ನೂ ಘನ ಕಬ್ಬಿಣದ ಗುಂಡುಗಳನ್ನೂ ಹಾರಿಸಬಹುದಾಗಿತ್ತು.

ಅಂತರ್ಯುದ್ಧ

1861ರಲ್ಲಿ ನೌಕಾಂಗಣದ ಮುಖ್ಯಸ್ಥ ಫ್ರಾಂಕ್ಲಿನ್ ಬ್ಯುಕ್ಯಾನನ್ ರಾಜೀನಾಮೆ ನೀಡಿದಾಗ ಆ ಹೊಣೆ ಡಾಲ್‌ಗ್ರೆನ್ ಅವರಿಗೆ ಬಂದಿತು. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಆಪ್ತರಾಗಿದ್ದು, ನೌಕಾಂಗಣಕ್ಕೆ ಆಗಾಗ ಭೇಟಿ ನೀಡುತ್ತಿದ್ದರು.

1862ರ ಮಾರ್ಚ್ 9ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಮಾನಿಟರ್ ಮತ್ತು ವರ್ಜೀನಿಯಾ ಎಂಬ ಕಬ್ಬಿಣದ ಕವಚದ ನೌಕೆಗಳು ಹೋರಾಡಿದವು. ಮಾನಿಟರ್‌ನಲ್ಲಿ 11 ಅಂಗುಲದ ಎರಡು ಡಾಲ್‌ಗ್ರೆನ್ ಫಿರಂಗಿಗಳಿದ್ದವು; ಎದುರಾಳಿಯ ನೌಕೆಯಲ್ಲಿಯೂ 9 ಅಂಗುಲದ ಡಾಲ್‌ಗ್ರೆನ್ ಫಿರಂಗಿಗಳಿದ್ದವು. ಫಿರಂಗಿ ಒಡೆಯುವ ಭೀತಿಯಿಂದ ಮಾನಿಟರ್‌ನಲ್ಲಿ ಪ್ರತಿ ಹೊಡೆತಕ್ಕೆ 15 ಪೌಂಡ್ ಮದ್ದನ್ನಷ್ಟೇ ಬಳಸಲು ಅನುಮತಿಯಿದ್ದಿತು. ಅದರ ಗುಂಡುಗಳು ವರ್ಜೀನಿಯಾದ ಕವಚವನ್ನು ಭೇದಿಸಲಿಲ್ಲ. ಇಮ್ಮಡಿ ಮದ್ದನ್ನೂ ಆ ಫಿರಂಗಿ ತಾಳಬಲ್ಲದೆಂಬುದು ತರುವಾಯದ ಪರೀಕ್ಷೆಗಳಲ್ಲಿ ಸಿದ್ಧವಾಯಿತು.

1863ರಲ್ಲಿ ರಿಯರ್ ಅಡ್ಮಿರಲ್ ಪದವಿಗೇರಿದ ಡಾಲ್‌ಗ್ರೆನ್, ಅದೇ ಜುಲೈಯಿಂದ ಚಾರ್ಲ್ಸ್‌ಟನ್ ಬಂದರಿನ ದಿಗ್ಬಂಧನ ನಡೆಸಿದ ನೌಕಾದಳವನ್ನು ಮುನ್ನಡೆಸಿದರು. ಅವರ ಮಗ ಕರ್ನಲ್ ಉಲ್ರಿಕ್ 1863ರಲ್ಲಿ ಯುದ್ಧದಲ್ಲಿ ಕಾಲು ಕಳೆದುಕೊಂಡು, 1864ರ ಮಾರ್ಚ್‌ನಲ್ಲಿ ರಿಚ್ಮಂಡ್ ಬಳಿಯ ದಾಳಿಯಲ್ಲಿ ಹತನಾದನು. ಸಹೋದರ ಚಾರ್ಲ್ಸ್ ದಕ್ಷಿಣದ ಪಕ್ಷದಲ್ಲಿದ್ದರು.

ನಿಧನ ಮತ್ತು ಸ್ಮರಣೆ

ಡಾಲ್‌ಗ್ರೆನ್ 1870ರಲ್ಲಿ ವಾಷಿಂಗ್ಟನ್‌ನಲ್ಲಿ ನಿಧನರಾದರು. ವರ್ಜೀನಿಯಾ ರಾಜ್ಯದಲ್ಲಿ 1918ರಲ್ಲಿ ಆರಂಭವಾದ ನೌಕಾ ಫಿರಂಗಿ ಪರೀಕ್ಷಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಗಿದೆ.

ಅಂತರ್ಯುದ್ಧದ ಕಾಲದ ಗುಂಡುಗಳು ನದಿ, ಬಂದರು ಹಾಗೂ ರಣಭೂಮಿಗಳಲ್ಲಿ ಇಂದಿಗೂ ದೊರೆಯುತ್ತವೆ. ಸಂಗ್ರಹಕಾರರು ವ್ಯಾಸ, ತೂಕ ಮತ್ತು ಬತ್ತಿರಂಧ್ರಗಳ ಆಧಾರದಿಂದ ಅವುಗಳನ್ನು ಗುರುತಿಸುತ್ತಾರೆ. ಘನಗುಂಡು ನಿರಪಾಯಕಾರಿ, ಆದರೆ ಸಿಡಿಯದೆ ಉಳಿದ ಸಿಡಿಗುಂಡಿನೊಳಗಿನ ಮದ್ದು ಒಂದೂವರೆ ಶತಮಾನದ ಬಳಿಕವೂ ಸ್ಫೋಟಿಸಬಲ್ಲದು. ಅಂತಹ ಗುಂಡನ್ನು ಕೊರೆಯುವುದು ಅಥವಾ ಕಾಯಿಸುವುದು ಪ್ರಾಣಾಪಾಯಕರ. ಅದನ್ನು ಮುಟ್ಟದೆ ಸ್ಫೋಟಕ ನಿಷ್ಕ್ರಿಯ ತಜ್ಞರಿಗೆ ತಿಳಿಸುವುದು ರೂಢಿಯಲ್ಲಿರುವ ಕ್ರಮ.