ಜೆ. ಸಿ. ಯಾಕೋಬ್ಸೆನ್

ಯಾಕೋಬ್ ಕ್ರಿಶ್ಚಿಯನ್ ಯಾಕೋಬ್ಸೆನ್ (2 ಸೆಪ್ಟೆಂಬರ್ 1811 – 30 ಏಪ್ರಿಲ್ 1887) ಡೆನ್ಮಾರ್ಕ್ ದೇಶದ ಬಿಯರ್ ತಯಾರಕರು, ಉದ್ಯಮಿ ಹಾಗೂ ದಾನಿ. ಜೆ. ಸಿ. ಯಾಕೋಬ್ಸೆನ್ ಎಂದೇ ಪ್ರಸಿದ್ಧರಾದ ಇವರು 1847ರಲ್ಲಿ ಕೋಪನ್‌ಹೇಗನ್ ನಗರದ ಹೊರವಲಯದಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯನ್ನು ಸ್ಥಾಪಿಸಿದರು. ಪರಂಪರೆಯ ಕಸುಬಾಗಿದ್ದ ಬಿಯರ್ ತಯಾರಿಕೆಗೆ ವಿಜ್ಞಾನದ ತಳಹದಿಯನ್ನು ಒದಗಿಸಿದವರಲ್ಲಿ ಇವರು ಪ್ರಮುಖರು. ಇವರು ಸ್ಥಾಪಿಸಿದ ಪ್ರಯೋಗಾಲಯದಲ್ಲಿ ದೊರೆತ ಶುದ್ಧ ಯೀಸ್ಟನ್ನು ಗುಟ್ಟಾಗಿರಿಸಿಕೊಳ್ಳದೆ ಇತರ ತಯಾರಕರಿಗೂ ಹಂಚಲಾಯಿತು. ತಮ್ಮ ಕಾರ್ಖಾನೆಯನ್ನು ಮಗನಿಗೆ ಬಿಡದೆ, ವಿಜ್ಞಾನದ ಪೋಷಣೆಗಾಗಿ ಒಂದು ಪ್ರತಿಷ್ಠಾನಕ್ಕೆ ಬಿಟ್ಟುಹೋದದ್ದು ಇವರ ಬದುಕಿನ ಬಹುಚರ್ಚಿತ ಸಂಗತಿಯಾಗಿದೆ.

ಆರಂಭಿಕ ಜೀವನ

ಯಾಕೋಬ್ಸೆನ್ ಕೋಪನ್‌ಹೇಗನ್‌ನಲ್ಲಿ ಜನಿಸಿದರು. ಇವರ ತಂದೆ ಕ್ರಿಸ್ಟನ್ ಯಾಕೋಬ್ಸೆನ್ ಯೂಟ್ಲಂಡ್ ಪ್ರಾಂತದ ರೈತ ಕುಟುಂಬದಿಂದ ರಾಜಧಾನಿಗೆ ಬಂದು ಬಿಯರ್ ತಯಾರಿಕೆಯ ಕಸುಬಿನಲ್ಲಿ ನೆಲೆ ಕಂಡವರು. ಆ ಕಾಲದಲ್ಲಿ ನಗರದ ಬೀದಿಗಳಲ್ಲಿ ಅನೇಕ ಸಣ್ಣ ಬಿಯರ್ ಮನೆಗಳಿದ್ದವು. ಊಟದ ಜೊತೆ ನಿತ್ಯವೂ ಕುಡಿಯುವ, ಅಮಲು ಕಡಿಮೆಯಿರುವ ಬಿಯರನ್ನು ಅವು ಸಿದ್ಧಪಡಿಸುತ್ತಿದ್ದವು. ಹದವನ್ನು ಕಣ್ಣು, ಕೈ ಮತ್ತು ಅನುಭವದಿಂದಲೇ ಅಳೆಯುವುದು ರೂಢಿಯಾಗಿತ್ತು. ಇದರಿಂದ ಒಂದು ಬಾರಿಯ ರುಚಿ ಇನ್ನೊಂದು ಬಾರಿಗೆ ಇರುತ್ತಿರಲಿಲ್ಲ. ಉಷ್ಣಮಾಪಕವನ್ನು ಬಳಸಿದ ಮೊದಲಿಗರಲ್ಲಿ ಕ್ರಿಸ್ಟನ್ ಒಬ್ಬರು. ಹೆಚ್ಚಿನ ಶಾಲಾಶಿಕ್ಷಣವಿಲ್ಲದಿದ್ದರೂ ಅವರು ಮಗನಲ್ಲಿ ವಿಜ್ಞಾನದ ಆಸಕ್ತಿಯನ್ನು ಬೆಳೆಸಿದರು. ವಿದ್ಯುತ್ ಮತ್ತು ಕಾಂತತ್ವಗಳ ಸಂಬಂಧವನ್ನು ಕಂಡುಹಿಡಿದ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಅವರ ಉಪನ್ಯಾಸಗಳನ್ನು ಯಾಕೋಬ್ಸೆನ್ ಕೇಳಿದ್ದರು.

1835ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತಮೂರು ವರ್ಷದ ಯಾಕೋಬ್ಸೆನ್ ಬಿಯರ್ ಮನೆಯ ಹೊಣೆ ಹೊತ್ತರು. 1839ರಲ್ಲಿ ಲೌರಾ ಹೋಲ್ಸ್ಟ್ ಅವರನ್ನು ವಿವಾಹವಾದರು. 1842ರಲ್ಲಿ ಇವರ ಮಗ ಕಾರ್ಲ್ ಜನಿಸಿದನು.

ಮ್ಯೂನಿಕ್‌ನಿಂದ ತಂದ ಯೀಸ್ಟ್

ಡೆನ್ಮಾರ್ಕ್‌ನ ಹಳೆಯ ಬಿಯರ್ ಬೆಚ್ಚನೆಯ ವಾತಾವರಣದಲ್ಲಿ ಬೇಗನೆ ಹುದುಗುತ್ತಿತ್ತು. ಅದರ ಯೀಸ್ಟ್ ಮೇಲ್ಭಾಗಕ್ಕೆ ಏರುತ್ತಿತ್ತು. ಬವೇರಿಯಾದ ಲಾಗರ್ ಬಿಯರ್‌ನ ಕ್ರಮವೇ ಬೇರೆ. ಅದರ ಯೀಸ್ಟ್ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡಿ ತಳಕ್ಕೆ ಇಳಿಯುತ್ತದೆ. ಬಳಿಕ ಬಿಯರನ್ನು ತಂಪಾದ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇರಿಸಿ ಮಾಗಿಸಬೇಕಾಗುತ್ತದೆ. ಹೀಗೆ ಮಾಗಿದ ಬಿಯರ್ ತಿಳಿಯಾಗಿದ್ದು ಹೆಚ್ಚು ಕಾಲ ಕೆಡದೆ ಉಳಿಯುತ್ತಿತ್ತು. ಯಾಕೋಬ್ಸೆನ್ ಇಂತಹ ಬಿಯರನ್ನು ತಯಾರಿಸುವ ಮೊದಲ ಪ್ರಯೋಗಗಳನ್ನು ತಾಯಿಯ ಬಟ್ಟೆ ಕುದಿಸುವ ತಾಮ್ರದ ಹಂಡೆಯಲ್ಲಿ ನಡೆಸಿದರೆಂದು ಹೇಳಲಾಗುತ್ತದೆ.

1845ರಲ್ಲಿ ಇವರು ಮ್ಯೂನಿಕ್ ನಗರಕ್ಕೆ ಹೋಗಿ, ಸ್ಪಾಟನ್ ಬಿಯರ್ ಕಾರ್ಖಾನೆಯ ಗೇಬ್ರಿಯಲ್ ಸೆಡ್ಲ್‌ಮೈಯರ್ ಅವರಿಂದ ಯೀಸ್ಟನ್ನು ಪಡೆದರು. ಶಾಖ ತಗುಲಿದರೆ ಯೀಸ್ಟ್ ಸಾಯುವ ಭಯವಿತ್ತು. ಆದ್ದರಿಂದ ಕುದುರೆ ಗಾಡಿ ನಿಂತಲ್ಲೆಲ್ಲ ಇಳಿದು, ಯೀಸ್ಟ್ ತುಂಬಿದ ಎರಡು ಪಾತ್ರೆಗಳಿಗೆ ತಣ್ಣೀರು ಹಾಕುತ್ತ ಅದನ್ನು ಕೋಪನ್‌ಹೇಗನ್‌ಗೆ ತಂದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಮೊದಲ ಲಾಗರ್ ಬಿಯರನ್ನು ನಗರದ ಕೋಟೆಗೋಡೆಯ ಅಡಿಯ ನೆಲಮಾಳಿಗೆಗಳಲ್ಲಿ ಮಾಗಿಸಲಾಯಿತು.

ಕಾರ್ಲ್ಸ್‌ಬರ್ಗ್ ಸ್ಥಾಪನೆ

ನಗರದೊಳಗಿನ ಇಕ್ಕಟ್ಟಾದ ಜಾಗ ಲಾಗರ್ ತಯಾರಿಕೆಗೆ ಸಾಲದಾಯಿತು. ಯಾಕೋಬ್ಸೆನ್ ಕೋಟೆಯ ಹೊರಗಿನ ವಾಲ್ಬಿ ಗುಡ್ಡದ ಬಳಿ ಹೊಸ ಕಾರ್ಖಾನೆಯನ್ನು ಕಟ್ಟಿಸಿದರು. ಅಲ್ಲಿ ಆಳವಾದ ನೆಲಮಾಳಿಗೆಗಳನ್ನು ತೋಡುವ ಅನುಕೂಲವಿತ್ತು. ಕೋಪನ್‌ಹೇಗನ್ ಮತ್ತು ರೋಸ್ಕಿಲ್ಡೆ ನಡುವಿನ ರೈಲುಮಾರ್ಗವೂ ಅದೇ ವರ್ಷ ಆರಂಭವಾಯಿತು. ಮಗನ ಹೆಸರಾದ ಕಾರ್ಲ್ ಮತ್ತು ಗುಡ್ಡ ಎಂಬ ಅರ್ಥದ ಪದ ಸೇರಿ ಕಾರ್ಲ್ಸ್‌ಬರ್ಗ್ ಎಂಬ ಹೆಸರು ಬಂದಿತು. 1847ರ ನವೆಂಬರ್ 10ರಂದು ಇಲ್ಲಿ ಮೊದಲ ಬಾರಿಗೆ ಬಿಯರ್ ತಯಾರಿಸಲಾಯಿತು.

ಪ್ರಯೋಗಾಲಯ ಮತ್ತು ಪ್ರತಿಷ್ಠಾನ

ಲೂಯಿ ಪಾಶ್ಚರ್ ಅವರ ಸಂಶೋಧನೆಗಳನ್ನು ಮೆಚ್ಚಿದ್ದ ಯಾಕೋಬ್ಸೆನ್ 1875ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯವನ್ನು ಆರಂಭಿಸಿದರು. ಮಹತ್ವದ ಯಾವ ಫಲಿತಾಂಶವನ್ನೂ ಗುಟ್ಟಾಗಿ ಇಡಬಾರದೆಂಬುದು ಇದರ ನಿಯಮವಾಗಿತ್ತು. ಮರುವರ್ಷ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನವನ್ನು ಸ್ಥಾಪಿಸಿ, ಅದರ ಆಡಳಿತ ಮಂಡಳಿಯನ್ನು ಆಯ್ಕೆ ಮಾಡುವ ಅಧಿಕಾರವನ್ನು ಡೆನ್ಮಾರ್ಕ್‌ನ ರಾಯಲ್ ವಿಜ್ಞಾನ ಅಕಾಡೆಮಿಗೆ ನೀಡಿದರು.

ಈ ನಿಯಮದ ನಿಜವಾದ ಪರೀಕ್ಷೆ 1883ರಲ್ಲಿ ನಡೆಯಿತು. ಬಿಯರ್ ಇದ್ದಕ್ಕಿದ್ದಂತೆ ಕಹಿಯಾಗಿ ಕೆಡುವುದು ಅಂದಿನ ತಯಾರಕರನ್ನು ಕಾಡುತ್ತಿದ್ದ ದೊಡ್ಡ ಸಮಸ್ಯೆಯಾಗಿತ್ತು. ಒಳ್ಳೆಯ ಯೀಸ್ಟಿನೊಳಗೆ ಕಾಡು ಯೀಸ್ಟ್ ಬೆರೆಯುವುದೇ ಇದಕ್ಕೆ ಕಾರಣವೆಂದು ಪ್ರಯೋಗಾಲಯದ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ತೋರಿಸಿದರು. ಒಂದೇ ಒಂದು ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸುವ ವಿಧಾನವನ್ನೂ ರೂಪಿಸಿದರು. ಪ್ರತಿಸ್ಪರ್ಧಿಗಳನ್ನು ಹಿಂದಿಕ್ಕುವ ಅವಕಾಶ ಕೈಯಲ್ಲಿದ್ದರೂ ಯಾಕೋಬ್ಸೆನ್ ಈ ವಿಧಾನವನ್ನು ಬಹಿರಂಗಪಡಿಸಿ, ಯೀಸ್ಟನ್ನು ಇತರ ತಯಾರಕರಿಗೆ ಉಚಿತವಾಗಿ ನೀಡಿದರು. ಹಿಂದೆ ಮ್ಯೂನಿಕ್‌ನಲ್ಲಿ ತಾವು ಪಡೆದಿದ್ದ ನೆರವನ್ನು ಹೀಗೆ ಇಡೀ ಕಸುಬಿಗೆ ಹಿಂದಿರುಗಿಸಿದಂತಾಯಿತು.

ಮಗನೊಡನೆ ವಿವಾದ

ವಿದೇಶಗಳಲ್ಲಿ ತರಬೇತಿ ಪಡೆದು ಬಂದ ಕಾರ್ಲ್, ತಂದೆ ಗೇಣಿಗೆ ನೀಡಿದ ಪ್ರತ್ಯೇಕ ಕಾರ್ಖಾನೆಯನ್ನು 1871ರಿಂದ ನಡೆಸತೊಡಗಿದರು. ಬಿಯರ್ ಪೂರ್ಣವಾಗಿ ಮಾಗಿದ ಬಳಿಕವೇ ಹೊರಬರಬೇಕು ಎಂಬುದು ತಂದೆಯ ನಿಲುವು. ಮಾಗಿಸುವ ಅವಧಿಯನ್ನು ಕಡಿಮೆ ಮಾಡಿ ಹೆಚ್ಚು ಬಿಯರ್ ಮಾರುವುದು ಮಗನ ದಾರಿ. ಈ ಭಿನ್ನಾಭಿಪ್ರಾಯ ಬಹಿರಂಗ ವೈರಕ್ಕೆ ತಿರುಗಿತು. ಕಾರ್ಖಾನೆಗಳ ನಡುವಿನ ಒಂದೇ ರಸ್ತೆಗೆ ತಂದೆ ಮತ್ತು ಮಗ ಬೇರೆ ಬೇರೆ ಹೆಸರಿನ ಫಲಕಗಳನ್ನು ಹಾಕಿಸಿದ್ದರು. ಕೊನೆಗೆ ಕಾರ್ಲ್ ನ್ಯೂ ಕಾರ್ಲ್ಸ್‌ಬರ್ಗ್ ಎಂಬ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿದರು; ತಂದೆಯದು ಓಲ್ಡ್ ಕಾರ್ಲ್ಸ್‌ಬರ್ಗ್ ಎನಿಸಿತು. ಯಾಕೋಬ್ಸೆನ್ ತಮ್ಮ ಕಾರ್ಖಾನೆಯನ್ನು ಪ್ರತಿಷ್ಠಾನಕ್ಕೆ ಸೇರುವಂತೆ ಉಯಿಲು ಬರೆದರು. ಜ್ಞಾನವನ್ನು ಪರರೊಡನೆ ಉದಾರವಾಗಿ ಹಂಚಿಕೊಂಡ ಇವರಿಗೆ ಮಗನೊಡನೆ ಹೊಂದಿಕೊಳ್ಳುವುದು ಬಹುಕಾಲ ಸಾಧ್ಯವಾಗಲಿಲ್ಲ. ಮರಣಕ್ಕೆ ಸ್ವಲ್ಪ ಮುಂಚೆ ಇಬ್ಬರಿಗೂ ರಾಜಿಯಾಯಿತು.

ನಿಧನ ಮತ್ತು ಪರಂಪರೆ

ಯಾಕೋಬ್ಸೆನ್ 1887ರಲ್ಲಿ ರೋಮ್ ನಗರದಲ್ಲಿ ನಿಧನರಾದರು. ಕಾರ್ಲ್ ಕೂಡ 1902ರಲ್ಲಿ ತಮ್ಮ ಕಾರ್ಖಾನೆಯನ್ನು ಅದೇ ಪ್ರತಿಷ್ಠಾನಕ್ಕೆ ಒಪ್ಪಿಸಿದರು. 1906ರಲ್ಲಿ ಎರಡೂ ಕಾರ್ಖಾನೆಗಳು ಒಂದಾದವು.

1859ರಲ್ಲಿ ಬೆಂಕಿಗೆ ಆಹುತಿಯಾದ ಫ್ರೆಡರಿಕ್ಸ್‌ಬೋರ್ಗ್ ಅರಮನೆಯ ಪುನರ್ನಿರ್ಮಾಣಕ್ಕೆ ಯಾಕೋಬ್ಸೆನ್ ನೆರವಾಗಿದ್ದರು. 1878ರಲ್ಲಿ ಅಲ್ಲಿ ರಾಷ್ಟ್ರೀಯ ಇತಿಹಾಸದ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಇವರ ನಿವಾಸವನ್ನು ಗಣ್ಯ ವಿದ್ವಾಂಸರ ಗೌರವ ನಿವಾಸವಾಗಿ ಮೀಸಲಿಡಲಾಯಿತು. ಭೌತವಿಜ್ಞಾನಿ ನೀಲ್ಸ್ ಬೋರ್ 1932ರಿಂದ ಅಲ್ಲಿ ವಾಸಿಸಿದ್ದರು. ಸಾರಜನಕದ ಪ್ರಮಾಣವನ್ನು ಅಳೆಯುವ ಕೆಲ್ಡಾಲ್ ವಿಧಾನ (1883) ಮತ್ತು ಆಮ್ಲೀಯತೆಯನ್ನು ಸೂಚಿಸುವ ಪಿಎಚ್ ಮಾಪಕ (1909) ಇವರ ಪ್ರಯೋಗಾಲಯದಲ್ಲೇ ರೂಪುಗೊಂಡವು. ಪಿಎಚ್ ಮಾಪಕವನ್ನು ಇಂದು ಶಾಲಾ ವಿಜ್ಞಾನ ಪಠ್ಯಗಳಲ್ಲಿಯೂ ಬೋಧಿಸಲಾಗುತ್ತದೆ.