ಕುಶನ್ ಹೊತ್ತ ಮೇಷ್ಟ್ರು ಮತ್ತು ನಮ್ಮ ಪಕ್ಕದ ಗೋಡೆ

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಒಂದು ಮುಜುಗರ ಎದುರಾಯಿತು. ಹೊಸದಾಗಿ ಕಟ್ಟಿದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಪಾಠ ಮಾಡಿದರೆ ಕೂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಆಡಿದ ಒಂದು ಮಾತು ಸುಮಾರು ಐದೂವರೆ ಸೆಕೆಂಡ್ ಗೋಡೆಯಿಂದ ಗೋಡೆಗೆ ಅಲೆಯುತ್ತಿತ್ತು. ಅದು ಅಡಗುವಷ್ಟರಲ್ಲಿ ಮುಂದಿನ ಹತ್ತಾರು ಅಕ್ಷರಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಇದನ್ನು ಸರಿಪಡಿಸಿ ಅಂತ ಭೌತಶಾಸ್ತ್ರ ವಿಭಾಗದ ಕಿರಿಯ ಅಧ್ಯಾಪಕರೊಬ್ಬರಿಗೆ ಹೇಳಿದರು. ಅವರೇ ವ್ಯಾಲೇಸ್ ಕ್ಲೆಮೆಂಟ್ ಸೇಬಿನ್. 1868ರಲ್ಲಿ ಓಹಾಯೋದ ರಿಚ್‌ವುಡ್‌ನಲ್ಲಿ ಹುಟ್ಟಿದವರು, 18ಕ್ಕೇ ಪದವಿ ಮುಗಿಸಿದವರು. ಪಿಎಚ್‌ಡಿ ಮಾತ್ರ ಮಾಡಲೇ ಇಲ್ಲ.

ಇವತ್ತು ಅವರನ್ನು ನೆನೆಯೋಕೆ ಕಾರಣ ಇದೆ. ಮನೆಯ ಸಣ್ಣ ಕೋಣೆಯೊಂದನ್ನು ಸಂಗೀತ ಕೇಳಲೆಂದು ಎತ್ತಿಟ್ಟು, ದುಬಾರಿ ಸ್ಪೀಕರ್ ತಂದು, ಆಮೇಲೆ ಪಕ್ಕದ ಗೋಡೆಗೆ ಏನು ಅಂಟಿಸೋದು ಎಂದು ತಲೆ ಕೆಡಿಸಿಕೊಳ್ಳುವವರಲ್ಲಿ ನಾನೂ ಒಬ್ಬ. ಅಂಗಡಿಯವರು ತೆಳು ಫೋಮ್ ತೋರಿಸುತ್ತಾರೆ, ಗೆಳೆಯರು ಮೊಟ್ಟೆ ಟ್ರೇ ಸಾಕು ಅನ್ನುತ್ತಾರೆ. ಇಬ್ಬರಿಗೂ ಸೇಬಿನ್ ನೂರು ವರ್ಷಕ್ಕೂ ಹಿಂದೆಯೇ ಉತ್ತರ ಕೊಟ್ಟಿದ್ದಾರೆ ಅನ್ನೋದು ನನ್ನ ವಾದ.

ಅವರ ಸಲಕರಣೆಗಳು ಇಷ್ಟೇ: ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಸಾಧನ ಮತ್ತು ಸ್ವಂತ ಕಿವಿ. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ದನಿ ಚೆನ್ನಾಗಿತ್ತು. ರಾತ್ರಿ ಊರು ಮಲಗಿದ ಮೇಲೆ ಅಲ್ಲಿನ ಕುರ್ಚಿಗಳ ಕುಶನ್‌ಗಳನ್ನು ಫಾಗ್ ಸಭಾಂಗಣಕ್ಕೆ ಹೊತ್ತು ತರುತ್ತಿದ್ದರು. ಕೆಲವನ್ನು ಹಾಸಿ, ಕೊಳವೆ ಊದಿಸಿ, ನಿಲ್ಲಿಸಿ, ದನಿ ಪೂರ್ತಿ ಕರಗಲು ಹಿಡಿಯುವ ಸಮಯ ಬರೆದುಕೊಳ್ಳೋದು. ಇನ್ನಷ್ಟು ಹಾಸಿ ಮತ್ತೆ ಅಳೆಯೋದು. ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ವಾಪಸ್ ಇಡೋದು. ಕುಶನ್ ಹೆಚ್ಚಿದಂತೆ ಐದೂವರೆ ಸೆಕೆಂಡ್ ಇಳಿಯುತ್ತಾ ಸುಮಾರು ಒಂದು ಸೆಕೆಂಡಿಗೆ ಬಂತು.

ನನಗೆ ಅವರ ಮೇಲೆ ಗೌರವ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಅಳೆಯುತ್ತಾ ಕೂತ ತನ್ನ ಮೈಮೇಲಿನ ಬಟ್ಟೆಯೂ ದನಿಯನ್ನು ಹೀರುತ್ತದೆ ಎಂದು ತಿಳಿದಾಗ, ಅಲ್ಲಿಯವರೆಗಿನ ಸಾವಿರಾರು ಅಳತೆಗಳನ್ನು ಅವರು ಎಸೆದುಬಿಟ್ಟರು. ಆಮೇಲೆ ಯಾವ ಕಾಲವಿರಲಿ, ಪ್ರಯೋಗಕ್ಕೆ ಕೂತಾಗ ಒಂದೇ ಬಗೆಯ ಉಡುಪು. ಸಂಬಳ ಕೊಡುವವರು ಬೇಗ ಮುಗಿಸಿ ಎನ್ನುತ್ತಿರುವಾಗ ಹೀಗೆ ಮಾಡೋದು ಸುಲಭವಲ್ಲ. ಕೊನೆಗೆ ಆ ಸಭಾಂಗಣದ ಗೋಡೆಗಳ ಆಯ್ದ ಭಾಗಗಳಿಗೆ ಕೂದಲಿನ ಫೆಲ್ಟ್ ಹೊದಿಸಿ, ಅದನ್ನು ಪಾಠಕ್ಕೆ ಒದಗುವಂತೆ ಮಾಡಿದರು.

1898ರಲ್ಲಿ ಬಾಸ್ಟನ್ನಿನ ಹೆನ್ರಿ ಲೀ ಹಿಗ್ಗಿನ್ಸನ್ ಹೊಸ ಸಂಗೀತ ಸಭಾಂಗಣಕ್ಕೆ ಸಲಹೆ ಕೇಳಿದಾಗ ಸೇಬಿನ್ ತಕ್ಷಣ ಒಪ್ಪಲಿಲ್ಲ. ಕೈಯಲ್ಲಿ ಅಂಕಿಗಳಿದ್ದವು, ಸೂತ್ರ ಇರಲಿಲ್ಲ. ಅದೇ ವರ್ಷ ಅಂಕಿಗಳನ್ನು ಮತ್ತೆ ಮತ್ತೆ ನೋಡುತ್ತಾ ಸಂಬಂಧ ಹೊಳೆಯಿತು: ಅನುರಣನದ ಕಾಲ ಕೋಣೆಯ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ, ಒಳಗಿನ ಒಟ್ಟು ಹೀರಿಕೆಗೆ ತಕ್ಕಂತೆ ಇಳಿಯುತ್ತದೆ. ಹೀರಿಕೆಗೆ ಅವರು ಹಿಡಿದ ಅಳತೆಗೋಲು ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ದನಿ ವಾಪಸ್ ಬರೋದಿಲ್ಲವಲ್ಲ!

ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ಬೂಟಿನ ಡಬ್ಬಿಯಂಥ ಉದ್ದನೆಯ ಆಕಾರ, ಸುಮಾರು 75 ಅಡಿ ಅಗಲ, ಗೋಡೆಗಳ ಮೇಲ್ಭಾಗದ ಗೂಡುಗಳಲ್ಲಿ ಗ್ರೀಕ್-ರೋಮನ್ ಶಿಲ್ಪಗಳ 16 ಪ್ರತಿಗಳು. ಮೊದಲ ವಿಮರ್ಶೆಗಳಲ್ಲಿ ಮೆಚ್ಚುಗೆಯ ಜತೆ ಟೀಕೆಯೂ ಇತ್ತು. ಇವತ್ತು ಜಗತ್ತಿನ ಅತ್ಯುತ್ತಮ ಸಭಾಂಗಣಗಳ ಪಟ್ಟಿಯಲ್ಲಿ ಅದರ ಹೆಸರು ತಪ್ಪೋದಿಲ್ಲ. ಪಕ್ಕದ ಗೋಡೆಗಳಿಂದ ಬರುವ ದನಿಯೇ ಕೇಳುಗರನ್ನು ಸಂಗೀತದೊಳಗೆ ಕೂರಿಸುತ್ತದೆ ಅನ್ನೋದು ಎಷ್ಟೋ ದಶಕಗಳ ನಂತರ ಸಂಶೋಧಕರಿಗೆ ಮನದಟ್ಟಾಯಿತು.

ಹಾಗಾದರೆ ನಮ್ಮ ಕೋಣೆಯಲ್ಲೂ ಪಕ್ಕದ ಗೋಡೆ ಬರಿದಾಗೇ ಇರಲಿ ಅನ್ನಬಹುದೇ? ಇಲ್ಲ. ಬಾಸ್ಟನ್ನಿನಲ್ಲಿ ನಡುವೆ ಕೂತವರಿಗೆ ಮೊದಲ ಪ್ರತಿಫಲನ ನೇರ ದನಿಯ ನಂತರ ಸುಮಾರು 15 ಮಿಲಿಸೆಕೆಂಡಿಗೆ ಬರುತ್ತದೆ. ನನ್ನ ಕೋಣೆಯ ಅಗಲ 10 ಅಡಿ. ಸ್ಪೀಕರಿಗೂ ಪಕ್ಕದ ಗೋಡೆಗೂ ಎರಡೂಕಾಲು ಅಡಿ. ಎಂಟು ಅಡಿ ಹಿಂದೆ ನಡುವೆ ಕೂತರೆ ಗೋಡೆಗೆ ಬಡಿದ ದನಿ ಬರೀ ಎರಡು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟು ಬೇಗ, ಅಷ್ಟು ಜೋರಾಗಿ ಬಂದದ್ದು ನೇರ ದನಿಯ ಜತೆ ಕಲೆತು ಅದರ ಬಣ್ಣವನ್ನೇ ಕೆಡಿಸುತ್ತದೆ. ಹಾಡುವವರು ಎಲ್ಲಿ ನಿಂತಿದ್ದಾರೆ ಅನ್ನೋದೂ ಮಸುಕಾಗುತ್ತದೆ.

ಅದಕ್ಕೆ ಇಡೀ ಗೋಡೆ ಮುಚ್ಚಬೇಕಿಲ್ಲ. ನೀವು ಕೂರುವ ಜಾಗದಲ್ಲಿ ಕೂತು, ಇನ್ನೊಬ್ಬರಿಗೆ ಗೋಡೆಯುದ್ದಕ್ಕೂ ಕನ್ನಡಿ ಸರಿಸಲು ಹೇಳಿ. ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿಗಷ್ಟೇ ಹೀರುವ ವಸ್ತು ಬೇಕು. ಅದು ದಪ್ಪವಿರಬೇಕು. ಸೇಬಿನ್ 64ರಿಂದ 4096 ಹರ್ಟ್ಜ್‌ವರೆಗೆ ಏಳು ಸ್ಥಾಯಿಗಳಲ್ಲಿ ವಸ್ತುಗಳನ್ನು ಅಳೆದಿದ್ದರು. ಫೆಲ್ಟ್‌ನಂಥವು ಏರುದನಿಯನ್ನು ನುಂಗುವಷ್ಟು ಇಳಿದನಿಯನ್ನು ನುಂಗೋದಿಲ್ಲ ಎಂದು ಆಗಲೇ ಕಂಡಿದ್ದರು. ತೆಳು ಫೋಮನ್ನು ಗೋಡೆ ತುಂಬಾ ಅಂಟಿಸಿದರೆ ತಾಳದ ಮಿಂಚು ಸಾಯುತ್ತದೆ, ಮೃದಂಗದ ಎಡಭಾಗದ ಗುಮ್ಮೆನ್ನುವಿಕೆ ಹಾಗೇ ಉಳಿಯುತ್ತದೆ. ಮೊಟ್ಟೆ ಟ್ರೇ ಅದಕ್ಕಿಂತ ಕಡೆ. ಬಟ್ಟೆ ಹೊದಿಸಿದ ನಾಲ್ಕು ಇಂಚಿನ ರಾಕ್‌ವೂಲ್ ಚೌಕಟ್ಟು ಎರಡು ಕಡೆಗೂ, ಉಳಿದಲ್ಲಿ ಪುಸ್ತಕದ ಕಪಾಟು: ನನ್ನ ಆಯ್ಕೆ ಇದು. ದನಿ ಚದುರಿಸುವ ಮರದ ಹಲಗೆಗಳು ಚೆಂದವೇ, ಆದರೆ ಅವುಗಳಿಗೆ ದೂರ ಬೇಕು. ಹತ್ತು ಅಡಿಯಲ್ಲಿ ಅದು ಸಿಗೋದಿಲ್ಲ. ಸೇಬಿನ್ ಸೂತ್ರಕ್ಕೂ ಇಲ್ಲಿ ಮಿತಿ ಇದೆ. ಅದು ದನಿ ಎಲ್ಲೆಡೆ ಸಮನಾಗಿ ಹರಡುವ ದೊಡ್ಡ ಕೋಣೆಗಳದ್ದು. 57 ಹರ್ಟ್ಜ್ ಆಸುಪಾಸಿನಲ್ಲಿ ಎರಡು ಗೋಡೆಗಳ ನಡುವೆ ನಿಲ್ಲುವ ಅಲೆಗೆ ಈ ಚೌಕಟ್ಟೂ ಸಾಲದು.

ಮೊದಲ ಮಹಾಯುದ್ಧದಲ್ಲಿ ಸೇಬಿನ್ ವಿಮಾನಗಳಿಗೆ ಸಂಬಂಧಿಸಿದ ಕೆಲಸಕ್ಕೆ ತಮ್ಮನ್ನು ತೆತ್ತುಕೊಂಡರು. ಮೈ ಕೆಟ್ಟರೂ ದುಡಿದರು. 1919ರ ಜನವರಿ 10ರಂದು, 50ನೇ ವಯಸ್ಸಿಗೆ ತೀರಿಕೊಂಡರು. ಇಲಿನಾಯ್‌ನ ಜಿನೀವಾದಲ್ಲಿ ಅವರಿಗೆಂದೇ ಕಟ್ಟಿಸಿದ ರಿವರ್‌ಬ್ಯಾಂಕ್ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಸಿದ್ದು ಅವರ ದಾಯಾದಿ ಪಾಲ್ ಸೇಬಿನ್. ಹೀರಿಕೆಯ ಏಕಮಾನಕ್ಕೆ ಇಂದು ಸೇಬಿನ್ ಎಂದೇ ಹೆಸರು.

ಗೋಡೆಗೆ ಏನು ಅಂಟಿಸಬೇಕು ಅನ್ನೋದು ರುಚಿಯ ಪ್ರಶ್ನೆ, ದುಡ್ಡಿನ ಪ್ರಶ್ನೆ ಅಂತ ನಾವು ತಿಳಿದಿದ್ದೇವೆ. ಅದು ಅಳತೆಯ ಪ್ರಶ್ನೆ. ದುಡ್ಡು ಕೊಡುವ ಮೊದಲು ಯಾವ ದನಿಯನ್ನು, ಎಷ್ಟು ಹೀರುತ್ತದೆ ಎಂದು ಅಂಗಡಿಯವರನ್ನು ಕೇಳಿ. ಅಂಕಿ ಕೊಡದಿದ್ದರೆ ಎದ್ದು ಬನ್ನಿ.