ಹ್ಯೂಮ್ ಮಹಾಶಯರೂ ಒಂದು ಗೂಬೆಯೂ

ಅಲನ್ ಆಕ್ಟೇವಿಯನ್ ಹ್ಯೂಮ್ ಎಂದೊಡನೆ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನೆರೆದ ಮೊದಲ ಕಾಂಗ್ರೆಸ್ ಅಧಿವೇಶನವು ನೆನಪಾಗುತ್ತದೆ. ಪರೀಕ್ಷೆಗೆ ಅಷ್ಟೇ ಸಾಕು. ಆದರೆ ಆ ಮಹನೀಯರ ಬಾಳಿನ ಬಹುಭಾಗವು ಹಕ್ಕಿಗಳ ಹಿಂದೆ ಸಂದಿತೆಂಬುದನ್ನು ಬಲ್ಲವರು ವಿರಳ.

1829ರಲ್ಲಿ ಹುಟ್ಟಿದ ಹ್ಯೂಮರು 1849ರಲ್ಲಿ ಬಂಗಾಳದ ಸಿವಿಲ್ ಸೇವೆಯನ್ನು ಸೇರಿದರು. ಇಟಾವಾ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದಾಗ ಬಡಮಕ್ಕಳಿಗೆ ಉಚಿತ ಶಾಲೆಗಳನ್ನು ತೆರೆಸಿದರು. ಸರ್ಕಾರಿ ಕೆಲಸದ ಮೇಲೆ ಹೋದೆಡೆಯಲ್ಲೆಲ್ಲ ಹಕ್ಕಿಗಳನ್ನು ಸಂಗ್ರಹಿಸಿದರು. 1873ರಲ್ಲಿ ಅಂಡಮಾನಿಗೂ ಹೋಗಿಬಂದರು. ಆ ದ್ವೀಪಗಳನ್ನು ಬಿಟ್ಟು ಬೇರೆಲ್ಲಿಯೂ ಇರದ ಒಂದು ಪುಟ್ಟ ಗೂಬೆಯನ್ನು ಲೋಕಕ್ಕೆ ಪರಿಚಯಿಸಿದವರು ಅವರೇ.

ನಮ್ಮ ಹಳ್ಳಿಯಲ್ಲಿ ಗೂಬೆ ಕೂಗಿದರೆ ಅಜ್ಜಿ ಕಲ್ಲು ಹುಡುಕುತ್ತಾಳೆ. ಗೂಬೆಗಳಲ್ಲಿ ಇಷ್ಟು ಬಗೆಗಳುಂಟೆಂಬುದು ನನಗೂ ಕಾಲೇಜಿಗೆ ಬಂದ ಮೇಲೆಯೇ ತಿಳಿದದ್ದು.

1872ರಲ್ಲಿ ಬ್ಲೂಯಿಟ್ ಎಂಬ ಅಧಿಕಾರಿಯು ಈಗಿನ ಛತ್ತೀಸ್‌ಗಢದ ಕಾಡಿನಲ್ಲಿ ಒಂದು ಚಿಕ್ಕ ಗೂಬೆಯನ್ನು ಹೊಡೆದನು. ಮೇಲುನೋಟಕ್ಕೆ ಅದು ಊರಬಳಿಯ ಹಾಲಕ್ಕಿಯಂತೆಯೇ ಇತ್ತು. ಹ್ಯೂಮರು ಬಿಡಲಿಲ್ಲ. ಹಾಲಕ್ಕಿಯ ನೆತ್ತಿಯ ತುಂಬ ಬಿಳಿ ಚುಕ್ಕೆಗಳು. ಇದರ ನೆತ್ತಿ ಬಹುಮಟ್ಟಿಗೆ ಬರಿದು. ಬಾಲದಲ್ಲಿ ಅಗಲವಾದ ಬಿಳಿ ಪಟ್ಟೆಗಳು, ಪಾದಗಳು ದಪ್ಪ. ಇದು ಬೇರೆಯೇ ಜಾತಿಯೆಂದು 1873ರಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿ, ಬ್ಲೂಯಿಟನ ಹೆಸರನ್ನೇ ಅದಕ್ಕಿಟ್ಟರು.

ಮೇಲಿನವರ ಮುಂದೆ ನೇರವಾಗಿ ನುಡಿಯುವ ಸ್ವಭಾವದಿಂದ 1879ರಲ್ಲಿ ಅವರ ಕಾರ್ಯದರ್ಶಿ ಪದವಿ ಹೋಯಿತು. 1882ರಲ್ಲಿ ನಿವೃತ್ತರಾದರು. ಉಳಿದದ್ದು ಸಿಮ್ಲಾದ ಮನೆ, ಅಲ್ಲಿನ ಸಂಗ್ರಹ, ಭಾರತದ ಹಕ್ಕಿಗಳ ಬಗ್ಗೆ ಬರೆಯಬೇಕೆಂದಿದ್ದ ಮಹಾಗ್ರಂಥದ ಹಸ್ತಪ್ರತಿಗಳು. ಒಂದು ಚಳಿಗಾಲ ಊರಲ್ಲಿಲ್ಲದೆ ಹಿಂದಿರುಗಿ ನೋಡಿದರೆ, ಮನೆಯ ನೌಕರನೊಬ್ಬನು ಅವನ್ನೆಲ್ಲ ರದ್ದಿ ಕಾಗದವೆಂದು ಬಜಾರಿಗೆ ಮಾರಿಬಿಟ್ಟಿದ್ದನು! ಎಷ್ಟೋ ವರ್ಷಗಳ ದುಡಿಮೆ! ನನ್ನ ಹೈಸ್ಕೂಲಿನ ನೋಟುಪುಸ್ತಕಗಳೂ ಹೀಗೆಯೇ ಕಡಲೆ ಕಟ್ಟಲು ಅಂಗಡಿಗೆ ಹೋದವು. ಮನೆಯಲ್ಲಿ ಓದುಬರಹ ಬಲ್ಲವರು ಯಾರೂ ಇರಲಿಲ್ಲ. ಆದ್ದರಿಂದ ಆ ನೌಕರನನ್ನು ಬೈಯಲು ನನಗೆ ಮನಸ್ಸು ಬಾರದು.

ಹ್ಯೂಮರು ಮತ್ತೆ ಆ ಗ್ರಂಥಕ್ಕೆ ಕೈಹಾಕಲಿಲ್ಲ. 1885ರಲ್ಲಿ ಸುಮಾರು 82 ಸಾವಿರದಷ್ಟು ಹಕ್ಕಿಯ ಚರ್ಮ, ಗೂಡು, ಮೊಟ್ಟೆಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು. ಮುಂದೆ ಕಾಂಗ್ರೆಸ್ಸಿನ ಕೆಲಸ. ಕಡೆಗೆ ಇಂಗ್ಲೆಂಡಿನಲ್ಲಿ ಸಸ್ಯಗಳ ಅಭ್ಯಾಸ. 1912ರಲ್ಲಿ ತೀರಿಕೊಂಡರು.

ಆ ಗೂಬೆಯೋ, 1884ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಅಳಿದುಹೋಯಿತೆಂದೇ ಹಲವರು ಬಗೆದಿದ್ದರು. 113 ವರ್ಷಗಳಾದ ಮೇಲೆ ಪಮೇಲಾ ರಾಸ್ಮುಸ್ಸೆನ್ ಎಂಬ ವಿದುಷಿಯು ಮ್ಯೂಸಿಯಮ್ಮುಗಳಲ್ಲಿದ್ದ ಹಳೆಯ ಚರ್ಮಗಳನ್ನು ಪರೀಕ್ಷಿಸಿ, ಇಬ್ಬರು ಸಂಗಡಿಗರೊಡನೆ ಹುಡುಕಿಕೊಂಡು ಬಂದರು. 1997ರ ನವೆಂಬರಿನಲ್ಲಿ, ಮಹಾರಾಷ್ಟ್ರದ ಶಹಾದಾ ಊರಿನ ಬಳಿ, ಹಾಡುಹಗಲಿನಲ್ಲಿ ಅದು ಎಲೆಯಿಲ್ಲದ ಮರವೊಂದರ ಮೇಲೆ ಕುಳಿತಿತ್ತು. ನೆತ್ತಿ ಬರಿದಾಗಿತ್ತು.